ಜ್ವರದ ಕಡ್ಡಿಯ ಕಾಂಪೌಂಡರು

ಯಳಂದೂರಿನಿಂದ ಕಾರ್ಡು ಬಂದಾಗ ಅಕ್ಷರ ನೋಡಿಯೇ ಯಾರದೆಂದು ತಿಳಿಯಿತು. ಅಷ್ಟು ದುಂಡಗಿನ ಅಕ್ಷರ ನಾನು ಇನ್ನೊಬ್ಬರದು ನೋಡಿಲ್ಲ. 'ಅಣ್ಣಯ್ಯ ಹೋದ ಸೋಮವಾರ ತೀರಿಕೊಂಡರು. ನಿಮಗೆ ತಿಳಿಸಬೇಕೆಂದು ಹೇಳಿದ್ದರು.' ಎರಡೇ ಸಾಲು. ಸಾವಿನ ಕಾಗದ ಮನೆಯೊಳಗೆ ಇಟ್ಟುಕೊಳ್ಳಬಾರದೆಂದು ನನ್ನ ಹೆಂಡತಿ ಹರಿದು ಹಾಕಲು ಬಂದಳು. ನಾನು ಕೊಡಲಿಲ್ಲ. ಆ ಬೆಳಿಗ್ಗೆ ಅವಳಿಗೂ ನನಗೂ ಜಗಳವೇ ಆಯಿತು. ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲೂ ಅದು ಎರಡು ಮೂರು ಕಡೆ ಅಡ್ಡ ಬರುತ್ತದೆ.

ಅವರ ಹೆಸರು ಬರೆಯುವುದಿಲ್ಲ. ಊರಿನವರು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. 'ಕಾಂಪೋಂಡ್ರು' ಅಂದರೆ ಅವರೇ. ಕೊಳ್ಳೇಗಾಲದಿಂದ ಹನೂರಿನ ಕಡೆ ಹೋಗುವಾಗ ಮಧುವನಹಳ್ಳಿ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯಲ್ಲಿ ಹೆಂಚಿನ ಮನೆಯೊಂದನ್ನು ಔಷಧಾಲಯ ಮಾಡಿದ್ದರು. ಡಾಕ್ಟರು ವಾರಕ್ಕೆ ಎರಡು ದಿನ ಕೊಳ್ಳೇಗಾಲದಿಂದ ಬರುತ್ತಿದ್ದರು. ಮಿಕ್ಕ ದಿನ ಎಲ್ಲಕ್ಕೂ ಕಾಂಪೌಂಡರೇ. ನಾನು ಅದೇ ಊರಿನಲ್ಲಿ ರೇಷ್ಮೆ ಇಲಾಖೆಯ ಸಣ್ಣ ನೌಕರ. ಮನೆಮನೆಗೆ ಹೋಗಿ ಹುಳು ಸಾಕುವವರಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ಮೂವತ್ತು ವರ್ಷದಿಂದ ಹುಳು ಸಾಕಿದ ಹೆಂಗಸರಿಗೆ ಇಪ್ಪತ್ತನಾಲ್ಕು ವಯಸ್ಸಿನ ನಾನು ಬುದ್ಧಿ ಹೇಳುತ್ತಿದ್ದೆ. ಅವರು ನನ್ನನ್ನು 'ಉಳಿನ್ ಸಾಹೇಬ್ರು' ಎನ್ನುತ್ತಿದ್ದರು, ಹುಳುವಿನ ಸಾಹೇಬರು ಅಂತ. ಅದರಲ್ಲಿ ಗೌರವ ಎಷ್ಟು, ಹಾಸ್ಯ ಎಷ್ಟು ಎಂದು ನಾನು ಕೇಳಲು ಹೋಗಲಿಲ್ಲ.

ಕಾಂಪೌಂಡರು ಎತ್ತರದ ಆಳು, ತೆಳ್ಳಗೆ. ಎಂಥ ಬಿಸಿಲಿನಲ್ಲೂ ಕೋಟು ತೆಗೆಯುತ್ತಿರಲಿಲ್ಲ. ಎರಡು ಕೈಯೂ ಕೋಟಿನ ಜೇಬಿನಲ್ಲಿ. ಮಾತಾಡುವುದು ನಿಧಾನ, ನಡೆಯುವುದು ಇನ್ನೂ ನಿಧಾನ. ಹೆರಿಗೆ ನೋವಿನವಳನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರೂ, ಹಾವು ಕಚ್ಚಿತು ಎಂದು ಓಡಿಬಂದರೂ, ಅವರ ಮೊದಲ ಮಾತು ಒಂದೇ: "ಗಾಬರಿ ಆಮೇಲೆ ಆಗೋಣ. ಈಗ ಏನಾಯ್ತು ಹೇಳು." ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಗಾಬರಿಯನ್ನು ಮುಂದಕ್ಕೆ ಹಾಕಲು ಅದೇನು ಸರ್ಕಾರಿ ಕಾಗದವೇ?

ಅವರು ಔಷಧಿಯನ್ನು ತಾವು ಅಳೆದು ಕೊಡುತ್ತಿರಲಿಲ್ಲ. ರೋಗಿಯ ಕೈಗೇ ದೊಡ್ಡ ಸೀಸೆ ಕೊಟ್ಟು, "ನೀನೇ ಹುಯ್ಕೊಳಪ್ಪ. ನಿನ್ನ ಸೀಸೆಗೆ ಅಂಟ್ಸಿರೋ ಕಾಗದದ ಗೆರೆ ನೋಡ್ಕೊಂಡು ಹುಯ್ಕೊ. ಮೇಲಕ್ಕೆ ಹೋಗ್ಬೇಡ" ಎನ್ನುತ್ತಿದ್ದರು. ಪಕ್ಕದಲ್ಲೇ ನಿಂತು ಕಣ್ಣಿಟ್ಟು ನೋಡುತ್ತಿದ್ದರು, ಕೈ ಮಾತ್ರ ಹೊರಗೆ ಬರುತ್ತಿರಲಿಲ್ಲ. ಗಾಯ ಕಟ್ಟುವುದಿದ್ದರೆ ಗುಡಿಸುವ ಹೆಂಗಸನ್ನು ಕರೆದು ಹೇಳಿಕೊಟ್ಟು ಕಟ್ಟಿಸುತ್ತಿದ್ದರು. ಅವಳು ಕೊನೆಕೊನೆಗೆ ಡಾಕ್ಟರಿಗಿಂತ ಚೆನ್ನಾಗಿ ಪಟ್ಟಿ ಕಟ್ಟುತ್ತಿದ್ದಳು ಎನ್ನುವುದು ಬೇರೆ ಮಾತು. ಊರಿನವರು ಇದಕ್ಕೆಲ್ಲ ಒಂದೇ ಅರ್ಥ ಮಾಡಿದ್ದರು. ಕಾಂಪೋಂಡ್ರು ಕುಡೀತಾರೆ, ಅದಕ್ಕೇ ಕೈ ನಡುಕ.

ಆಗ ನಮ್ಮ ತಾಲ್ಲೂಕು ಮದರಾಸಿಗೆ ಸೇರಿತ್ತು. ಅಲ್ಲಿ ಪಾನನಿರೋಧ. ಯಳಂದೂರು ಮೈಸೂರಿನದು, ಅಲ್ಲಿ ಸಿಗುತ್ತದೆ ಎಂದು ನಮ್ಮ ಕಡೆಯವರ ನಂಬಿಕೆ. ಕಾಂಪೌಂಡರು ಪ್ರತಿ ಭಾನುವಾರ ಬೆಳಿಗ್ಗೆ ಬಗಲಲ್ಲಿ ಒಂದು ಚೀಲ ಇರುಕಿಕೊಂಡು ಕೊಳ್ಳೇಗಾಲಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಯಳಂದೂರಿಗೆ ಹೋಗುತ್ತಿದ್ದರು. ಸಂಜೆ ಅದೇ ಚೀಲದ ಜೊತೆ ವಾಪಸು. ಇನ್ನೇನು ಬೇಕು ಹೇಳಿ! "ಚೀಲದಾಗೆ ವಾರಕ್ಕಾಗೋಷ್ಟು ತತ್ತಾರೆ ಕಣ್ಲಾ" ಎಂದು ಜಗಲಿಯ ಮೇಲೆ ಮಾತಾಗುತ್ತಿತ್ತು. ನಾನೂ ಆ ಜಗಲಿಯಲ್ಲಿ ಕೂತು ನಕ್ಕವನೇ. ನಕ್ಕದ್ದಷ್ಟೇ ಅಲ್ಲ, ಒಂದೆರಡು ಮಾತು ಸೇರಿಸಿದ್ದೇನೆ ಕೂಡ.

ಒಂದು ದಿನ ನಾನು ತಲೆನೋವಿನ ಪುಡಿ ಕೇಳಲು ಹೋಗಿದ್ದೆ. ಬೆಂಚಿನ ಮೇಲೆ ಒಬ್ಬ ಮುದುಕ ಜ್ವರದಲ್ಲಿ ಕೂತಿದ್ದ. ಎಲೆಅಡಿಕೆ ಜಗಿದು ಜಗಿದು ದವಡೆ ಗಟ್ಟಿಯಾದ ಮುದುಕ. ಕಾಂಪೌಂಡರು ಗುಡಿಸುವವಳ ಕೈಯಲ್ಲಿ ಥರ್ಮಾಮೀಟರು ಅವನ ಬಾಯಿಗೆ ಇಡಿಸಿ, "ನಾಲಗೆ ಕೆಳಗೆ ಇಟ್ಕೊ, ತುಟಿ ಮುಚ್ಕೊ" ಎಂದರು. ಮುದುಕ ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಅಭ್ಯಾಸಬಲ, ಕಟುಮ್ ಅಂತ ಕಡಿದೇಬಿಟ್ಟ. ಅವನ ಮಗಳು ಗೋಳೋ ಎಂದು ಎದೆ ಬಡಿದುಕೊಂಡಳು. "ಅಯ್ಯೋ ನಮ್ಮಪ್ಪ ಪಾದರಸ ನುಂಗ್ಬುಟ್ನಲ್ಲಪ್ಪೋ! ಕರುಳೆಲ್ಲ ಕಿತ್ಕಂಡು ಬತ್ತದೆ!"

"ಗಾಬರಿ ಆಮೇಲೆ ಆಗೋಣ" ಎಂದರು ಕಾಂಪೌಂಡರು. ಮುದುಕನನ್ನು ಬೆಳಕಿಗೆ ತಿರುಗಿಸಿ, ಬಾಯಿ ತೆಗೆಸಿ, ಗುಡಿಸುವವಳಿಂದ ಗಾಜಿನ ಚೂರು ಒಂದೊಂದಾಗಿ ತೆಗೆಸಿದರು. ಮುರಿದ ತುಂಡುಗಳನ್ನು ಅವಳ ಕೈಯಲ್ಲೇ ಕಾಗದದ ಮೇಲೆ ಜೋಡಿಸಲು ಹೇಳಿ, ಯಾವುದೂ ಹೊಟ್ಟೆಗೆ ಹೋಗಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಪಾದರಸದ ವಿಚಾರ ಮಾತಾಡಲೇ ಇಲ್ಲ. ಮಗಳು ಮತ್ತೆ ಮತ್ತೆ ಕೇಳಿದ್ದಕ್ಕೆ, "ಗಾಜು ನುಂಗಿದ್ರೆ ಕಷ್ಟ ಇತ್ತು ಕಣಮ್ಮ. ರಸ ನುಂಗಿದ್ದಕ್ಕೆ ಏನೂ ಆಗೋಲ್ಲ. ಬಂದ ದಾರೀಲಿ ಹೊರಟೋಗುತ್ತೆ" ಎಂದರು. ಹಾಗೇ ಆಯಿತು. ಮೂರನೇ ದಿನಕ್ಕೆ ಮುದುಕ ಜಗಲಿಯ ಮೇಲೆ ಕೂತು ಎಲೆ ಜಗಿಯುತ್ತಾ, ತಾನು ಪಾದರಸ ಅರಗಿಸಿಕೊಂಡವನು ಎಂದು ಹೇಳಿಕೊಳ್ಳುತ್ತಿದ್ದ. ಊರೆಲ್ಲ ಒಂದು ಪಾಠ ಕಲಿತಿತು: ಪಾದರಸಕ್ಕೆ ಹೆದರಬೇಕಾಗಿಲ್ಲ. ನಾನೂ ಕಲಿತೆ. ಈಗ ಹೇಳುವುದೆಲ್ಲ ಆ ಪಾಠದಿಂದಲೇ ಆದ ಅನಾಹುತ.

ರೇಷ್ಮೆ ಸಾಕಿ ಗೊತ್ತಿಲ್ಲದವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಹುಳು ಬೆಳೆಯುತ್ತಾ ನಾಲ್ಕು ಸಲ ಮೇಲಿನ ಚರ್ಮ ಕಳಚುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲುಗದೆ ಕೂತಿರುತ್ತದೆ. ಇದಕ್ಕೆ ನಮ್ಮ ಕಡೆ 'ಜ್ವರ' ಎನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಕಾಯಿಲೆಯೂ ಅಲ್ಲ, ಹುಳುವಿನ ಮೈ ಕಾಯುವುದೂ ಇಲ್ಲ. ಆದರೆ ಜ್ವರಕ್ಕೆ ಕೂತ ಹುಳುವನ್ನು ಅಲುಗಿಸಬಾರದು. ನಾಲ್ಕನೇ ಜ್ವರದಲ್ಲಿ ಅಲುಗಿಸಿದರೆ ಬೆಳೆ ಕೈಬಿಟ್ಟ ಹಾಗೆಯೇ.

ಆ ವರ್ಷ ಪುಷ್ಯದ ಚಳಿ ಜೋರಾಗಿತ್ತು. ಹುಳುಮನೆಯಲ್ಲಿ ಶಾಖ ಕಡಿಮೆಯಾದರೆ ಹುಳು ಸೊರಗುತ್ತದೆ. ಗೋಡೆಗೆ ತೂಗುಹಾಕುವ ಥರ್ಮಾಮೀಟರು ನನ್ನ ಹತ್ತಿರ ಇದ್ದದ್ದು ನಾಲ್ಕೇ. ನಾಲ್ಕು ಮನೆಗೆ ಕೊಟ್ಟೆ. ಮಿಕ್ಕವರನ್ನು ಜಗಲಿಯ ಮೇಲೆ ಕೂಡಿಸಿ, ದೊಡ್ಡ ದನಿಯಲ್ಲಿ ಸಾರಿ ಹೇಳಿದೆ: "ನೀವೂ ಒಂದೊಂದು ತಂದ್ಕೊಳ್ಳಿ. ಜ್ವರದ ಹೊತ್ತಲ್ಲಿ ಕಡ್ಡಿ ನೋಡ್ಕೊಂಡು ಕೆಂಡ ಇಡಿ." ಎಂಥ ಚೆಂದದ ಮಾತು! ನನಗೇ ನನ್ನ ಮೇಲೆ ಹೆಮ್ಮೆಯಾಯಿತು.

ಮಾದಪ್ಪ ಎಂಬ ರೈತ ಆ ಮಾತನ್ನು ಮನಸ್ಸಿಟ್ಟು ಕೇಳಿಕೊಂಡ. ಮಾರನೇ ದಿನವೇ ಕೊಳ್ಳೇಗಾಲಕ್ಕೆ ಹೋಗಿ ಔಷಧಿ ಅಂಗಡಿಯಲ್ಲಿ, "ಜ್ವರ ನೋಡೋ ಕಡ್ಡಿ ಕೊಡಿ ಸಾ" ಎಂದ. ಅಂಗಡಿಯವರು ಮನುಷ್ಯರ ಜ್ವರ ನೋಡುವ ಕಡ್ಡಿ ಕೊಟ್ಟರು. ಅವರದು ಏನು ತಪ್ಪು? ಮಾದಪ್ಪನದು ತಾನೇ ಏನು ತಪ್ಪು? ಆ ಕಡ್ಡಿಯ ಅಂಕಿ ಶುರುವಾಗುವುದೇ ತೊಂಬತ್ತೈದರಿಂದ. ಹುಳುಮನೆಯ ಶಾಖ ಎಂಬತ್ತು ಮುಟ್ಟಿದರೆ ಹೆಚ್ಚು.

ಅವನ ಹೆಂಡತಿ ಪುಟ್ಟತಾಯಮ್ಮನಿಗೆ ಆರು ತಿಂಗಳ ಕೂಸಿತ್ತು. ಹುಳುಮನೆ ಬೆಚ್ಚಗಿರುತ್ತದೆ ಎಂದು ತೊಟ್ಟಿಲನ್ನೂ ಅಲ್ಲೇ ಕಟ್ಟಿದ್ದಳು. ಹುಳು ನಾಲ್ಕನೇ ಜ್ವರಕ್ಕೆ ಕೂತ ಸಂಜೆ ಅವಳು ಕಡ್ಡಿಯನ್ನು ತಟ್ಟೆಯಲ್ಲಿ ಹುಳುಗಳ ನಡುವೆ ಮಲಗಿಸಿ ಕಾದಳು. ಗೆರೆ ಏರಲಿಲ್ಲ. ಹುಳುವಿಗೆ ಜ್ವರ ಬಂದಿದೆ, ಕಡ್ಡಿಯಲ್ಲಿ ಕಾಣುತ್ತಿಲ್ಲ. ಕಡ್ಡಿಗೇ ಚಳಿ ಹಿಡಿದಿರಬೇಕು ಎಂದುಕೊಂಡು, ಅದನ್ನು ಅಗ್ಗಿಷ್ಟಿಕೆಯ ಕೆಂಡದ ಹತ್ತಿರ ಹಿಡಿದಳು. ಗೆರೆ ಸರ್ರನೆ ಏರಿತು. ಅವಳಿಗೆ ಸಂತೋಷವಾಯಿತಂತೆ. ಆಮೇಲೆ ಟಪ್ ಎಂದು ಒಡೆಯಿತು. ರಸ ಅರ್ಧ ಕೆಂಡಕ್ಕೆ ಬಿತ್ತು, ಅರ್ಧ ಮಣ್ಣಿನ ನೆಲದ ಮೇಲೆ ಉರುಳಿತು.

ಮಾರನೇ ಬೆಳಿಗ್ಗೆ ನಾನು ಎಂದಿನಂತೆ ಸುತ್ತು ಹೋದಾಗ ಅವಳು ಹುಳುಮನೆಯ ಬಾಗಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಒಳಗೆ ಅಗ್ಗಿಷ್ಟಿಕೆ ಉರಿಯುತ್ತಲೇ ಇತ್ತು.

"ಕಡ್ಡಿ ಒಡ್ದೋಯ್ತು ಸಾ" ಎಂದು ಅಳುಮುಖ ಮಾಡಿದಳು. "ನಮ್ ಯಜಮಾನ್ರು ಬಯ್ತಾರೆ. ಕೂಸ್ ಬ್ಯಾರೆ ರಾತ್ರಿಯಿಂದ ಒಂದೇ ಸಮ ಕೆಮ್ತದೆ. ನಂಗೂ ಬಾಯೆಲ್ಲ ತಾಮ್ರದ ಚೊಂಬು ನೆಕ್ದಂಗೆ ಅದೆ, ಎದೆ ಇಡ್ಕಂಡದೆ."

"ಚಳಿಗೆ ಕೆಮ್ಮು ಬರೋದೇ" ಎಂದೆ ನಾನು, ಬಲ್ಲವನ ಹಾಗೆ. "ಆ ರಸಕ್ಕೆ ಹೆದ್ರಬೇಡ. ಮುದುಕ ನುಂಗಿದ್ನಲ್ಲ, ಏನಾದ್ರೂ ಆಯ್ತಾ? ಬಾಗ್ಲು ಮುಚ್ಕೊಂಡು ಬೆಚ್ಚಗಿರು."

ಬಾಗಿಲು ಮುಚ್ಚಿಕೋ ಎಂದೆ! ಈ ವಯಸ್ಸಿನಲ್ಲೂ ಈ ಒಂದು ಮಾತು ನೆನಪಾದರೆ ಎದ್ದು ಕೂರುತ್ತೇನೆ.

ಅಲ್ಲಿಂದ ಸೈಕಲ್ಲು ತುಳಿದುಕೊಂಡು ಔಷಧಾಲಯಕ್ಕೆ ಹೋದೆ, ಕಾಂಪೌಂಡರಿಗೆ ತಮಾಷೆ ಹೇಳಲು. ಹುಳುವಿಗೆ ಜ್ವರ ಬಂದು ಮನುಷ್ಯರ ಕಡ್ಡಿ ಇಟ್ಟರಂತೆ, ಏರಲಿಲ್ಲ ಎಂದು ಕೆಂಡಕ್ಕೆ ಹಿಡಿದರಂತೆ ಎಂದು ನಗುತ್ತಾ ಹೇಳಿದೆ. ಅವರು ನಗಲಿಲ್ಲ.

"ಕೆಂಡಕ್ಕೆ ಬಿತ್ತಾ? ಬಾಗ್ಲು ಮುಚ್ಚಿದ್ರಾ? ಒಳಗೆ ಯಾರಿದ್ರು?"

"ಅವಳು, ಕೂಸು. ಯಾಕೆ ಸಾರ್? ನೀವೇ ಹೇಳಿದ್ರಲ್ಲ, ರಸದಿಂದ ಏನೂ…"

"ಸೈಕಲ್ ತಿರುಗಿಸು" ಎಂದರು. ನಾನು ತಿರುಗಿಸುವಷ್ಟರಲ್ಲಿ ಹಿಂದೆ ಕ್ಯಾರಿಯರಿನ ಮೇಲೆ ಕೂತೇಬಿಟ್ಟಿದ್ದರು. ಅಷ್ಟು ಬೇಗ ಅವರು ಅಲುಗಿದ್ದನ್ನು ನಾನು ನೋಡಿರಲಿಲ್ಲ. ದಾರಿಯಲ್ಲಿ ನಾನು, "ಗಾಬರಿ ಆಮೇಲೆ ಆಗೋಣ ಅಂತೀರಲ್ಲ ಸಾರ್" ಎಂದೆ, ಇನ್ನೂ ತಮಾಷೆ ಬಿಡದೆ. ಬೆನ್ನ ಹಿಂದಿನಿಂದ ದನಿ ಬಂತು. "ಇದಕ್ಕೆ ಈಗ್ಲೇ ಆಗ್ಬೇಕು ಕಣಯ್ಯ. ತುಳಿ."

ನಾನು ತಮಾಷೆ ಬಿಟ್ಟು, ಸೀಟಿನಿಂದ ಎದ್ದು ನಿಂತು ತುಳಿದೆ.

ಪುಟ್ಟತಾಯಮ್ಮ ನನ್ನ ಮಾತು ಕೇಳಿ ಬಾಗಿಲು ಹಾಕಿಕೊಂಡಿದ್ದಳು. ಕಾಂಪೌಂಡರು ಕಾಲಿನಲ್ಲೇ ಬಾಗಿಲು ನೂಕಿ, "ಕೂಸು ಈಚೆಗೆ ತಾ! ನೀನೂ ಬಾ!" ಎಂದು ಕೂಗಿದರು. ಅವಳು ತಟ್ಟೆಗಳ ಕಡೆ ನೋಡಿ, "ಜ್ವರಕ್ಕೆ ಕೂತವೆ, ಗಾಳಿ ತಾಕುಸ್ಬೇಡಿ ಕಾಂಪೋಂಡ್ರೇ" ಎಂದು ಬೇಡಿಕೊಂಡಳು. ಅವರು ಭುಜದಿಂದ ನನ್ನ ಬೆನ್ನು ನೂಕಿ, "ಉಸಿರು ಬಿಗಿ ಹಿಡ್ಕೊಂಡು ಹೋಗು. ಕೂಸು ಎತ್ಕೊಂಡು ಬಾ, ತಾಯಿ ತಾನೇ ಹಿಂದೆ ಬರ್ತಾಳೆ" ಎಂದರು. ಹಾಗೇ ಬಂದಳು, ನನ್ನನ್ನು ಬಯ್ಯುತ್ತಾ. ಅಷ್ಟರಲ್ಲಿ ಮಾದಪ್ಪ ಹೊಲದಿಂದ ಓಡಿಬಂದ. ಅವನೂ ನಾನೂ ಅಗ್ಗಿಷ್ಟಿಕೆಯ ಬಳೆಗೆ ಗಳ ತೂರಿಸಿ ಹೊತ್ತುಕೊಂಡು ಊರಾಚೆಯ ಹಾಳುಗುಂಡಿಯಲ್ಲಿ ಇಟ್ಟು ಮಣ್ಣು ಮುಚ್ಚಿ ಬಂದೆವು. ನೀರು ಹಾಕಬೇಡಿ, ಹೊಗೆ ಮೇಲಕ್ಕೇಳುತ್ತದೆ ಎಂದು ಕಾಂಪೌಂಡರು ಕೂಗಿ ಹೇಳಿದ್ದರು.

ವಾಪಸು ಬಂದರೆ ಇನ್ನೊಂದು ಅಪ್ಪಣೆ ಕಾದಿತ್ತು. ಹುಳುವಿನ ತಟ್ಟೆಗಳೆಲ್ಲ ಹೊರಗೆ ಬರಬೇಕು. ಹುಳು ಒಳಗಿದ್ದರೆ ಪುಟ್ಟತಾಯಮ್ಮ ಒಳಗೆ ಹೋಗೇ ಹೋಗುತ್ತಾಳೆ, ಬಾಗಿಲು ಮುಚ್ಚೇ ಮುಚ್ಚುತ್ತಾಳೆ, ಹೊಸ ಕೆಂಡ ಇಟ್ಟೇ ಇಡುತ್ತಾಳೆ. ಅವರು ಹೇಳಿದ್ದು ನಿಜ. ಆದರೆ ನಾಲ್ಕನೇ ಜ್ವರದ ಹುಳು! ನನ್ನ ಇಲಾಖೆಯ ರಕ್ತ ಕುದಿಯಿತು.

"ಬೆಳೆ ಹಾಳಾಗುತ್ತೆ ಸಾರ್. ನಿಮಗೇನು ಗೊತ್ತು ಹುಳುವಿನ ವಿಚಾರ? ಅಷ್ಟು ಸಲೀಸಾಗಿದ್ರೆ ನೀವೇ ಹೊತ್ತು ಹಾಕಿ ನೋಡೋಣ!"

ಅವರು ನನ್ನನ್ನು ಅಂಗಳದ ಆಚೆ ಮೂಲೆಗೆ ಕರೆದು, ಕೋಟಿನ ಜೇಬಿನಿಂದ ಎರಡು ಕೈಯನ್ನೂ ತೆಗೆದು ನನ್ನ ಮುಂದೆ ಚಾಚಿದರು. ಬೆರಳುಗಳು ಒಂದೊಂದೂ ಬೇರೆ ಬೇರೆ ಅದುರುತ್ತಿದ್ದವು. ಹಿಡಿದು ನಿಲ್ಲಿಸಲು ಅವರು ಪಟ್ಟ ಪ್ರಯತ್ನಕ್ಕೆ ಅದುರು ಇನ್ನೂ ಜಾಸ್ತಿಯಾಯಿತು.

"ಈ ಕೈಲಿ ತಟ್ಟೆ ಹಿಡಿದ್ರೆ ಒಂದು ಹುಳೂ ತಟ್ಟೇಲಿ ಇರೋಲ್ಲ ಕಣಯ್ಯ. ಇದು ಹೆಂಡ ಅಲ್ಲ. ಇದೇ ರಸ."

ಅಲ್ಲೇ ನಿಂತು, ನನಗೊಬ್ಬನಿಗೇ ಕೇಳಿಸುವ ಹಾಗೆ ನಾಲ್ಕು ಮಾತಿನಲ್ಲಿ ಹೇಳಿದರು. ಚಿಕ್ಕ ವಯಸ್ಸಿನಲ್ಲಿ ದೂರದ ಯಾವುದೋ ಔಷಧಾಲಯದಲ್ಲಿ ಅವರಿಗೆ ಮುಲಾಮು ಅರೆಯುವ ಕೆಲಸ. ಪಾದರಸವನ್ನು ಕೊಬ್ಬಿನ ಜೊತೆ ಕಲ್ವದಲ್ಲಿ ಹಾಕಿ, ಹನಿ ಕಾಣದ ಹಾಗೆ ನುಣ್ಣಗೆ ಅರೆಯಬೇಕು. ಕಿಟಕಿಯಿಲ್ಲದ ಕೋಣೆ. ವರ್ಷಗಟ್ಟಲೆ ಅರೆದರು. ಮೊದಲು ಒಸಡು ಊದಿತು, ಬಾಯಲ್ಲಿ ಜೊಲ್ಲು ನಿಲ್ಲದಾಯಿತು, ಸುಮ್ಮಸುಮ್ಮನೆ ಸಿಟ್ಟು, ನಿದ್ದೆಯಿಲ್ಲ. ಕೊನೆಗೆ ಕೈ ನಡುಕ. ಅಲ್ಲಿಂದ ಬಿಡಿಸಿಕೊಂಡು ಬಂದ ಮೇಲೆ ಮಿಕ್ಕದ್ದೆಲ್ಲ ಹೋಯಿತು, ನಡುಕ ಮಾತ್ರ ಉಳಿಯಿತು.

"ಹೊಟ್ಟೆಗೆ ಹೋದ್ರೆ ಹೊರಗೆ ಹೋಗುತ್ತೆ. ಉಸಿರಲ್ಲಿ ಹೋದ್ರೆ ಒಳಗೇ ಕೂರುತ್ತೆ. ಸುಮ್ನೆ ನೆಲದ ಮೇಲೆ ಬಿದ್ದಿದ್ರೂ ಮುಚ್ಚಿದ ಮನೇಲಿ ಸ್ವಲ್ಪ ಸ್ವಲ್ಪ ಆವಿಯಾಗುತ್ತೆ. ಕೆಂಡಕ್ಕೆ ಬಿದ್ರೆ ಕೇಳ್ಬೇಡ. ಕಣ್ಣಿಗೆ ಕಾಣೋಲ್ಲ, ಮೂಗಿಗೆ ತಿಳಿಯೋಲ್ಲ. ಮುದುಕನಿಗೆ ಹೇಳಿದ ದಿನ ಇದನ್ನೂ ಹೇಳ್ಬೇಕಾಗಿತ್ತು ನಾನು. ಹೇಳ್ಲಿಲ್ಲ. ತಪ್ಪು ನಂದು."

ಅವರದು ಎಂದರು! ಜಗಲಿಯ ಮೇಲೆ ಭಾಷಣ ಮಾಡಿದವನು ನಾನು, ಬಾಗಿಲು ಮುಚ್ಚಿಕೋ ಎಂದವನು ನಾನು. ತಟ್ಟೆ ಹೊರಲು ಶುರು ಮಾಡಿದೆ. ಮಾದಪ್ಪ ಒಂದು ಕಡೆ, ನಾನು ಒಂದು ಕಡೆ, ಹುಳು ಅಲುಗದ ಹಾಗೆ ಹೆಜ್ಜೆ ಅಳೆದು ದನದ ಕೊಟ್ಟಿಗೆಗೆ ಸಾಗಿಸಿದೆವು. ಪುಟ್ಟತಾಯಮ್ಮ ಕೂಸನ್ನು ಅವಚಿಕೊಂಡು ಪ್ರತಿ ತಟ್ಟೆಗೂ ಒಂದೊಂದು ಸಲ ಅತ್ತಳು.

ಆಮೇಲೆ ನೆಲ. ಪೊರಕೆ ಮುಟ್ಟಕೂಡದು, ಗುಡಿಸಿದರೆ ಹನಿ ಒಡೆದು ನೂರಾಗುತ್ತದೆ ಎಂದರು. ಅವಳು ಬೆಳಿಗ್ಗೆಯೇ ಗುಡಿಸಿ ಸಗಣಿ ಸಾರಿಸಿಯೂ ಆಗಿತ್ತು. ಅದಕ್ಕೇ ಮೇಲಿನ ಮಣ್ಣನ್ನೇ ಗೇಣಾಳ ಅಗೆಸಿದರು. ತಿಪ್ಪೆಗೆ ಹಾಕಲು ಬಿಡಲಿಲ್ಲ, ಅಗ್ಗಿಷ್ಟಿಕೆಯ ಗುಂಡಿಗೇ ಹಾಕಿಸಿದರು. ಮೂಲೆಯಲ್ಲಿ ಉಳಿದಿದ್ದ ಹನಿಗಳನ್ನು ಎರಡು ಗಟ್ಟಿ ಕಾಗದದ ಅಂಚಿನಿಂದ ಒಟ್ಟು ಮಾಡಿಸಿ ನೀರು ತುಂಬಿದ ಸೀಸೆಗೆ ಬೀಳಿಸಿ ಬಿರಡೆ ಹಾಕಿಸಿದರು. ಎಲ್ಲ ಮುಗಿಯಿತು ಎನ್ನುವಾಗ ಅವರಿಗೆ ಅನುಮಾನ ಬಂತು.

"ಹೊಳೀತಾ ಇತ್ತಲ್ಲಮ್ಮ, ಒಂದಿಷ್ಟು ಎತ್ತಿಟ್ಕೊಂಡಿದ್ದೀಯಾ?"

ಪುಟ್ಟತಾಯಮ್ಮ ತಲೆ ತಗ್ಗಿಸಿದಳು. "ಈಸ್ವರನ ರಸ ಅಂತಾರಲ್ಲ ಸಾ. ಕೂಸಿಗೆ ಒಳ್ಳೇದು ಅಂತ ಕುಂಕುಮದ ಭರಣೀಲಿ ಆಕಿ ತೊಟ್ಲಿಗೆ ಕಟ್ಟಿವ್ನಿ."

ಕಾಂಪೌಂಡರು ಕಣ್ಣು ಮುಚ್ಚಿಕೊಂಡರು. ಬಯ್ಯಲಿಲ್ಲ. "ಒಳ್ಳೇ ಮನಸ್ಸಿಂದ ಕಟ್ಟಿದ್ದೀಯ. ಈಗ ನಂಗೆ ಕೊಡು" ಎಂದರು.

ಕೂಸನ್ನು ಅದೇ ಮಧ್ಯಾಹ್ನ ಗಾಡಿ ಕಟ್ಟಿಸಿ ಕೊಳ್ಳೇಗಾಲಕ್ಕೆ ಕಳಿಸಿದರು. ಡಾಕ್ಟರು ಐದಾರು ದಿನ ಇರಿಸಿಕೊಂಡರು. ಎರಡನೇ ದಿನ ಉಸಿರು ತುಂಬ ಕಷ್ಟವಾಗಿತ್ತಂತೆ, ಆಮೇಲೆ ಇಳಿಯಿತು. ಕೂಸು ಉಳಿಯಿತು. ಇಷ್ಟು ಬರೆಯುವಾಗಲೂ ನನಗೆ ಸಮಾಧಾನ ಎನಿಸುತ್ತದೆ.

ಬೆಳೆ ಉಳಿಯಲಿಲ್ಲ. ಕೊಟ್ಟಿಗೆಯ ಚಳಿಗೆ, ಅಲುಗಾಟಕ್ಕೆ ಅರ್ಧ ಹುಳು ಜ್ವರದಿಂದ ಏಳಲೇ ಇಲ್ಲ. ಎದ್ದವು ಕಟ್ಟಿದ ಗೂಡು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಆಗ ಊರಿನ ಮಾತು ತಿರುಗಿತು. ಮಗುವಿಗೆ ಬಂದದ್ದು ಚಳಿಯ ಕೆಮ್ಮು, ಯಾವ ಮಗುವಿಗೆ ಬರಲ್ಲ? ಡಾಕ್ಟರ ಔಷಧಿಗೆ ವಾಸಿಯಾಯಿತು. ಕುಡುಕ ಕಾಂಪೌಂಡರ ಮಾತು ಕಟ್ಟಿಕೊಂಡು ಬಂಗಾರದಂಥ ಬೆಳೆ ಕಳೆದುಕೊಂಡರು. ಅನಾಹುತ ಆಗದೆ ಹೋದದ್ದೇ, ಅಪಾಯವೇ ಇರಲಿಲ್ಲ ಎಂಬುದಕ್ಕೆ ಊರಿನವರಿಗೆ ಸಾಕ್ಷಿಯಾಯಿತು. ಪುಟ್ಟತಾಯಮ್ಮನೂ ಹಾಗೇ ನಂಬಿದಳು.

ಕಾಂಪೌಂಡರು ಪ್ರತಿ ಬುಧವಾರ ಸಂಜೆ ಅವಳ ಮನೆಯ ಮುಂದೆ ನಡೆದುಕೊಂಡು ಹೋಗುತ್ತಿದ್ದರು. ಅವಳು ಸೊಪ್ಪು ಬಿಡಿಸುತ್ತಲೋ ಮೊರದಲ್ಲಿ ಕಾಳು ಕೇರುತ್ತಲೋ ಬಾಗಿಲಲ್ಲಿ ಇರುತ್ತಿದ್ದಳು. ಅವರನ್ನು ಕಂಡರೆ ಸಾಕು, ಶುರು. "ಬಂದ್ರಾ ಮಾರಾಯ್ರು! ನನ್ ಬೆಳೆ ತಿಂದು ನೀರ್ ಕುಡುದ್ರಲ್ಲ, ಇನ್ನೇನ್ ತಿನ್ನಾಕೆ ಬಂದ್ರಿ? ನಿಮ್ ಬಾಯ್ಗೆ ಮಣ್ಣಾಕ! ನಿಮ್ ಕೈ ಸೇದೋಗ!" ಕೈ ಬೀಸಿ ಬೀಸಿ, ಬಾಯಿ ತುಂಬ ಬಯ್ಯುತ್ತಿದ್ದಳು. ಅವರು ಅಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ ಹೋಗುತ್ತಿದ್ದರು. ಒಂದು ವಾರ ನಾನು ಜೊತೆಯಲ್ಲಿದ್ದೆ. ನನಗೆ ತಡೆಯಲಾಗಲಿಲ್ಲ.

"ಬೇರೆ ದಾರಿ ಇಲ್ವಾ ಸಾರ್ ನಿಮಗೆ? ಬಯ್ಸಿಕೊಳ್ಳೋಕೆ ಅಂತಲೇ ಬರ್ತೀರಾ?"

"ಹೌದು ಕಣಯ್ಯ. ಕರೆದು ಬಾಯಿ ತೋರಿಸು ಅಂದ್ರೆ ತೋರಿಸ್ತಾಳಾ? ಬಯ್ಯುವಾಗ ಒಸಡೆಲ್ಲ ಕಾಣುತ್ತೆ. ಕೈ ಬೀಸ್ತಾಳೆ, ಅದುರುತ್ತಾ ಇಲ್ವಾ ನೋಡ್ಕೊಳ್ತೀನಿ. ಮೊದಲ ವಾರ ಒಸಡು ಕೆಂಪಗಿತ್ತು, ಬೆರಳೂ ಸ್ವಲ್ಪ ಅದುರ್ತಿತ್ತು. ಈಗ ಪರವಾಗಿಲ್ಲ. ಅವಳ ಸಿಟ್ಟು ರಸದ್ದೋ ಬೆಳೇದೋ ಅನ್ನೋದೊಂದು ಇನ್ನೂ ಗೊ‍ತ್ತಾಗ್ತಿಲ್ಲ."

ಅಷ್ಟು ಹೊತ್ತಿಗೆ ನಾನು ಅವರ ಜೊತೆ ಒಂದು ಭಾನುವಾರ ಯಳಂದೂರಿಗೂ ಹೋಗಿ ಬಂದಿದ್ದೆ. ಚೀಲದಲ್ಲಿ ಇದ್ದದ್ದು ಔಷಧಾಲಯದ ರಿಜಿಸ್ಟರು. ವಾರವೆಲ್ಲ ಯಾರು ಬಂದರು, ಏನು ಕಾಯಿಲೆ, ಯಾವ ಔಷಧಿ ಎಂದು ಅವರು ಬಾಯಲ್ಲಿ ಹೇಳಿದರೆ, ಅವರ ವಿಧವೆ ತಂಗಿ ಕಿಟಕಿಯ ಹತ್ತಿರ ಕೂತು ದುಂಡಗೆ ಬರೆಯುತ್ತಿದ್ದರು. ಆರು ದಿನದ ರೋಗಿಗಳನ್ನೂ ಕಾಂಪೌಂಡರು ತಲೆಯಲ್ಲೇ ಇಟ್ಟುಕೊಂಡಿರುತ್ತಿದ್ದರು. ಮೇಲಿನ ಅಧಿಕಾರಿಗಳು ಆ ಅಕ್ಷರ ನೋಡಿ ಹೊಗಳಿದ್ದರಂತೆ. ಕೈ ನಡುಕದವನೆಂದು ಬರಹದಲ್ಲಿ ತಿಳಿದರೆ ಕೆಲಸ ಹೋಗುತ್ತಿತ್ತು.

"ಊರಿನವರಿಗಾದ್ರೂ ನಿಜ ಹೇಳಿ ಸಾರ್" ಎಂದೆ ಬಸ್ಸಿನಲ್ಲಿ.

"ಬೇಡ. ರಸದಿಂದ ನನ್ನ ಕೈ ಹೀಗಾಯ್ತು ಅಂದ್ರೆ, ನಾಳೆಯಿಂದ ಯಾರೂ ಬಾಯಿಗೆ ಜ್ವರದ ಕಡ್ಡಿ ಇಡೋಕೆ ಬಿಡೋಲ್ಲ. ಕುಡುಕ ಅಂದ್ಕೊಂಡ್ರೂ ಔಷಧಿಗೆ ಬರ್ತಾರಲ್ಲ, ಬರ್ಲಿ."

ನಾನು ಆಗಲಿ ಎಂದೆ. ಆದರೆ ಮಾತು ಉಳಿಸಿಕೊಳ್ಳಲಿಲ್ಲ. ಒಂದು ದಿನ ಪುಟ್ಟತಾಯಮ್ಮ ನಾಲ್ಕು ಜನರ ಮುಂದೆ ಅವರನ್ನು ಕುಡುಕ ಮುಂಡೇದು ಎಂದಾಗ ನನ್ನ ಸಿಟ್ಟು ನೆತ್ತಿಗೇರಿತು. ಅವಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿಬಿಟ್ಟೆ. ಕಲ್ವ, ಕಿಟಕಿಯಿಲ್ಲದ ಕೋಣೆ, ಒಸಡು, ನಡುಕ. ಬುಧವಾರ ಬುಧವಾರ ಯಾಕೆ ಬರುತ್ತಾರೆ ಎಂಬುದನ್ನೂ ಹೇಳಿದೆ. ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ಬುಧವಾರ ನಾನೂ ಅವರ ಜೊತೆ ಹೋದೆ. ಪುಟ್ಟತಾಯಮ್ಮ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾವು ಬಂದರೂ ಅಲುಗಲಿಲ್ಲ, ಬಯ್ಯಲಿಲ್ಲ. ಕಣ್ಣಲ್ಲಿ ನೀರು ನಿಂತಿತ್ತು. ಕಾಂಪೌಂಡರು ಎಂದಿನ ಜಾಗದಲ್ಲಿ ನಿಂತು ಕಾದರು. ಮುಖ ಚಿಕ್ಕದಾಯಿತು. ನನ್ನ ಕಡೆ ಒಂದು ಸಲ ನೋಡಿದರು, ನಾನು ನೆಲ ನೋಡಿದೆ.

"ಯಾಕವ್ವ, ಇವತ್ತು ಏನೂ ಅನ್ಲಿಲ್ಲ? ಬಾಯಿ ನೋವಾ?" ಎಂದು ಕೇಳಿದರು.

ಅವಳು ಇಲ್ಲವೆಂದು ತಲೆಯಾಡಿಸಿದಳು. ಸೆರಗು ತೆಗೆಯಲಿಲ್ಲ.

"ಹಿಂಗೆ ಮುಚ್ಕೊಂಡ್ರೆ ನನಗೆ ಹೆಂಗವ್ವ ಕಾಣುತ್ತೆ? ಇದೇ ಕೊನೇ ವಾರ ಅಂದ್ಕೊಂಡು ಬಂದಿದ್ದೆ. ಒಂದೇ ಒಂದು ಸಾರಿ ಬಯ್ಯವ್ವ. ಬಾಯಿ ತುಂಬ ಬಯ್ಯಿ."

ಆ ಮಾತಿಗೆ ಅವಳಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ತಡೆಯಲು ನೋಡಿದಳು, ಆಗಲಿಲ್ಲ. ಸೆರಗು ಜಾರಿತು. ಕಾಂಪೌಂಡರು ಬಗ್ಗಿ, ಕತ್ತು ಹೊರಳಿಸಿ, ಅವಳ ಬಾಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಕೂಸನ್ನು ಹಿಡಿದಿದ್ದ ಅವಳ ಕೈ ನೋಡಿದರು. ಕೂಸಿನ ಬಾಯನ್ನೂ ನೋಡಿದರು.

"ಒಸಡು ಗಟ್ಟಿಯಾಗಿದೆ. ಕೈ ನೆಟ್ಟಗಿದೆ. ಸರಿ ಕಣವ್ವ, ಇನ್ನು ನಾನು ಬರೋ ಹಂಗಿಲ್ಲ" ಎಂದು ತಿರುಗಿ ಹೊರಟರು.

ನಾಲ್ಕು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ಅವಳು ಕೂಗಿದಳು, ಬೀದಿಗೆಲ್ಲ ಕೇಳಿಸುವ ಹಾಗೆ:

"ಬರ್ದೆ ಇದ್ರೆ ಬಯ್ತೀನಿ ನೋಡಿ ಸಾ!"